ಎರಡನೇ ಕುರ್ಚಿಯ ಕಸುಬು

2008ರ ಜೂನ್ 19, ಸ್ವಿಟ್ಜರ್ಲೆಂಡಿನ ಬಾಸೆಲ್. ಯುರೋ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಯ ಎದುರಿಗೆ ಪೋರ್ಚುಗಲ್. ಜರ್ಮನಿಯ ಕೋಚ್ ಯೋಆಕಿಮ್ ಲೋವ್ ಮೈದಾನದ ಅಂಚಿನಲ್ಲಿರಲಿಲ್ಲ. ಮೂರು ದಿನ ಮೊದಲು ವಿಯೆನ್ನಾದಲ್ಲಿ ಆಸ್ಟ್ರಿಯಾ ವಿರುದ್ಧ ಆಡುವಾಗ ರೆಫರಿ ಎರಡೂ ತಂಡದ ಕೋಚ್‌ಗಳನ್ನು ಗ್ಯಾಲರಿಗೆ ಎಬ್ಬಿಸಿ ಕಳಿಸಿದ್ದರು. ಆ ತಪ್ಪಿಗೆ ಲೋವ್ ಈ ಪಂದ್ಯವನ್ನು ಗಾಜಿನ ಕೋಣೆಯೊಳಗೆ ಕೂತು ನೋಡಬೇಕಾಗಿತ್ತು. ಅಂದು ಗೆರೆಯ ಬಳಿ ನಿಂತು ತಂಡವನ್ನು ನಡೆಸಿದವರು ಅವರ ಸಹಾಯಕ, ನಲವತ್ಮೂರು ವರ್ಷದ ಹಾನ್ಸಿ ಫ್ಲಿಕ್. ಜರ್ಮನಿ 3-2ರಿಂದ ಗೆದ್ದಿತು. ಮೊದಲ ಗೋಲು ಶ್ವಾಯ್ನ್‌ಸ್ಟೈಗರ್ ಅವರದು. ಉಳಿದೆರಡೂ ಒಂದೇ ಬಗೆಯವು: ಶ್ವಾಯ್ನ್‌ಸ್ಟೈಗರ್ ಒದ್ದ ಫ್ರೀ ಕಿಕ್ ತೇಲಿಬಂತು, ಒಮ್ಮೆ ಕ್ಲೋಸ, ಇನ್ನೊಮ್ಮೆ ಬಾಲಾಕ್ ತಲೆ ಕೊಟ್ಟರು.

ಸೆಮಿಫೈನಲ್‌ಗೆ ಲೋವ್ ಮರಳಿದರು, ಫ್ಲಿಕ್ ಬೆಂಚಿನ ತಮ್ಮ ಜಾಗಕ್ಕೆ ಹೋಗಿ ಕೂತರು. ಮುಂದಿನ ಆರು ವರ್ಷ ಅವರು ಅಲ್ಲೇ ಇದ್ದರು. ಸುದ್ದಿಗೋಷ್ಠಿಗಳಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುತ್ತಿದ್ದ ಈ ಮನುಷ್ಯ ಕೊನೆಗೆ ಬಯರ್ನ್ ಮ್ಯೂನಿಕ್ ಮತ್ತು ಬಾರ್ಸಿಲೋನಾದಂಥ ಕ್ಲಬ್‌ಗಳ ಮುಖ್ಯ ಕೋಚ್ ಆದ ಕತೆಯನ್ನು ಹೇಳುವವರು ಸಾಮಾನ್ಯವಾಗಿ 2019ರಿಂದ ಶುರುಮಾಡುತ್ತಾರೆ. ಅದಕ್ಕೂ ಹಿಂದಿನ ವರ್ಷಗಳೇ ಹೆಚ್ಚು ಮುಖ್ಯವೆಂದು ನನಗೆ ಅನ್ನಿಸುತ್ತದೆ. ಸಹಾಯಕ ಕೋಚ್ ಅನ್ನುವ ಹುದ್ದೆಯನ್ನು ನಾವು, ಭಾರತದಲ್ಲಂತೂ, ಬಡ್ತಿಗೆ ಕಾಯುವ ಜಾಗವೆಂದೇ ಎಣಿಸಿದ್ದೇವೆ. ಅದು ಸ್ವತಃ ಒಂದು ಕಸುಬು. ಅದಕ್ಕೆ ಅದರದೇ ಜ್ಞಾನ, ಅದರದೇ ಶಿಸ್ತು ಇದೆ. ಅಲ್ಲಿ ನಿಜವಾದ ಕೆಲಸ ಕೊಟ್ಟವರಿಗೆ ಮಾತ್ರ ಅದು ಏನನ್ನಾದರೂ ಕಲಿಸುತ್ತದೆ.

ಆಟಗಾರನಾಗಿ ಫ್ಲಿಕ್ ದೊಡ್ಡ ತಂಡದ ಮಧ್ಯಮ ದರ್ಜೆಯ ಹೆಸರು. 1965ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಹುಟ್ಟಿದವರು, ಸುತ್ತಲಿನ ಸಣ್ಣ ಕ್ಲಬ್‌ಗಳಲ್ಲಿ ಆಡಿ ಬೆಳೆದವರು. 1985ರಲ್ಲಿ ಬಯರ್ನ್ ಮ್ಯೂನಿಕ್ ಸೇರಿ ಐದು ಋತುಗಳಲ್ಲಿ ನಾಲ್ಕು ಸಲ ಬುಂಡೆಸ್‌ಲೀಗಾ ಗೆದ್ದರು. ಮಿಡ್‌ಫೀಲ್ಡಿನಲ್ಲಿ ಓಡುವುದು, ಚೆಂಡು ಕಸಿಯುವುದು, ಕಸಿದ ಚೆಂಡನ್ನು ತಮಗಿಂತ ಪ್ರತಿಭಾವಂತನಿಗೆ ಕೊಡುವುದು ಅವರ ಕೆಲಸವಾಗಿತ್ತು. ಲೀಗ್‌ನಲ್ಲಿ ಬಯರ್ನ್ ಪರ 104 ಪಂದ್ಯಗಳಿಗೆ ಐದು ಗೋಲು. 1987ರಲ್ಲಿ ವಿಯೆನ್ನಾದಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲೂ ಆಡಿದರು. ಬಯರ್ನ್ ಮೊದಲು ಗೋಲು ಹೊಡೆದು, ಕೊನೆಯ ಕಾಲು ಗಂಟೆಯಲ್ಲಿ ಪೋರ್ಟೊ ತಂಡಕ್ಕೆ ಎರಡು ಗೋಲು ಬಿಟ್ಟುಕೊಟ್ಟ ಪಂದ್ಯವದು. ಅಲ್ಜೀರಿಯಾದ ರಬಾ ಮಾಜೆರ್ ಹಿಮ್ಮಡಿಯಿಂದ ಹೊಡೆದ ಗೋಲನ್ನು ಇಂದಿಗೂ ತೋರಿಸುತ್ತಾರೆ. ಆ ರಾತ್ರಿ ಸೋತ ಕಡೆಯಲ್ಲಿ ಫ್ಲಿಕ್ ಇದ್ದದ್ದು ಬಹಳ ಜನರಿಗೆ ನೆನಪಿಲ್ಲ.

ಬಯರ್ನ್ ಬಿಟ್ಟು ಕೊಲೋನ್‌ಗೆ ಹೋದ ಮೇಲೆ ಗಾಯಗಳು ಬೆನ್ನು ಹತ್ತಿದವು. ವೃತ್ತಿಪರ ಆಟ 1993ರಲ್ಲಿ, ಇಪ್ಪತ್ತೆಂಟನೇ ವಯಸ್ಸಿಗೆ ಮುಗಿಯಿತು. ಇಪ್ಪತ್ತೆಂಟು ಅಂದರೆ ಬೇರೆ ವೃತ್ತಿಯವರು ಆಗತಾನೇ ಕಾಲೂರುವ ವಯಸ್ಸು. ಹದಿನೈದರಿಂದ ಬೇರೇನನ್ನೂ ಕಲಿಯದ ಫುಟ್‌ಬಾಲ್ ಆಟಗಾರನಿಗೆ ಆಗ ಮುಂದಿನ ನಲವತ್ತು ವರ್ಷ ಏನು ಮಾಡುವುದು ಅನ್ನುವ ಪ್ರಶ್ನೆ ಎದುರಾಗುತ್ತದೆ. ದೊಡ್ಡ ತಾರೆಗಳಿಗೆ ಟೀವಿ ಚಾನೆಲ್‌ಗಳಿವೆ, ಜಾಹೀರಾತುಗಳಿವೆ. ಫ್ಲಿಕ್ ಅಂಥವರಿಗೆ ಅದಿಲ್ಲ. ಅವರು ಊರಿಗೆ ಮರಳಿ ಬಾಮೆಂಟಾಲ್‌ನಲ್ಲಿ ಕ್ರೀಡಾ ಸಾಮಗ್ರಿಯ ಅಂಗಡಿ ನಡೆಸಿದರು. ಅಲ್ಲಿನ ವಿಕ್ಟೋರಿಯಾ ಬಾಮೆಂಟಾಲ್ ಎಂಬ ಕೆಳದರ್ಜೆಯ ಕ್ಲಬ್‌ಗೆ ಆಡಿದರು, 1996ರಿಂದ ಅದೇ ತಂಡದ ಕೋಚ್ ಕೂಡ ಆದರು. ಸಂಜೆ ಕೆಲಸ ಮುಗಿಸಿ ಬರುವ ಹವ್ಯಾಸಿ ಆಟಗಾರರ ಜಗತ್ತು ಅದು. ಕೋಚ್ ಹೇಳಿದ್ದನ್ನು ಕೇಳಲೇಬೇಕೆಂಬ ಸಂಬಳದ ಕಟ್ಟು ಅಲ್ಲಿಲ್ಲ. ಮಾತು ಮನಸ್ಸಿಗೆ ಹಿಡಿಸಿದರೆ ಮಾತ್ರ ಆಟಗಾರ ನಾಳೆಯೂ ಬರುತ್ತಾನೆ.

2000ದಲ್ಲಿ ಅವರು ಹೋಫನ್‌ಹೈಮ್‌ಗೆ ಕೋಚ್ ಆದರು. ಇಂದಿನ ಬುಂಡೆಸ್‌ಲೀಗಾ ಕ್ಲಬ್ ಆಗ ನಾಲ್ಕನೇ ದರ್ಜೆಯಲ್ಲಿತ್ತು. ಮೊದಲ ವರ್ಷವೇ ತಂಡವನ್ನು ಮೂರನೇ ದರ್ಜೆಗೆ ಏರಿಸಿದರು, 2003ರಲ್ಲಿ ಜರ್ಮನ್ ಕಪ್‌ನಲ್ಲಿ ಬಾಯರ್ ಲೆವರ್ಕುಸೆನ್ ತಂಡವನ್ನೇ ಸೋಲಿಸಿದರು. ಆದರೆ ಎರಡನೇ ದರ್ಜೆಯ ಬಾಗಿಲು ತೆರೆಯಲಿಲ್ಲ. 2005ರ ನವೆಂಬರ್‌ನಲ್ಲಿ ಕ್ಲಬ್ ಅವರನ್ನು ಬಿಟ್ಟುಕೊಟ್ಟಿತು.

ಇಲ್ಲಿಯವರೆಗೆ ಫ್ಲಿಕ್ ಮುಖ್ಯ ಕೋಚ್ ಆಗಿಯೇ ಇದ್ದರು, ಎರಡನೇ ಕುರ್ಚಿಗೆ ಬಂದದ್ದು ಆಮೇಲೆ ಅನ್ನುವುದನ್ನು ಗಮನಿಸಬೇಕು. 2006ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಕ್ಲಬ್‌ನಲ್ಲಿ ಇಟಲಿಯ ಹಿರಿಯ ಕೋಚ್ ಜಿಯೊವಾನಿ ಟ್ರಾಪಟೋನಿ ಅವರ ಕೈಕೆಳಗೆ ಕೆಲವು ಕಾಲ ಇದ್ದರು. ಅದೇ ಆಗಸ್ಟ್‌ನಲ್ಲಿ ಲೋವ್ ಕರೆ ಬಂತು. ಲೋವ್ ಕೂಡ ಸಹಾಯಕನಾಗಿದ್ದವರೇ. 2004ರಿಂದ ಎರಡು ವರ್ಷ ಯೂರ್ಗನ್ ಕ್ಲಿನ್ಸ್‌ಮನ್ ಪಕ್ಕದಲ್ಲಿ ಕೂತು, ಅಭ್ಯಾಸದ ಯೋಜನೆ, ರಕ್ಷಣೆಯ ಕ್ರಮ ಎಲ್ಲವನ್ನೂ ಹೊತ್ತು, 2006ರ ವಿಶ್ವಕಪ್ ಮುಗಿದ ಮೇಲೆ ಮುಖ್ಯಸ್ಥರಾದವರು.

ಜರ್ಮನಿಯಲ್ಲಿ ಇದು ಹೊಸ ಪದ್ಧತಿಯೇನಲ್ಲ. 1954ರ ವಿಶ್ವಕಪ್ ಗೆದ್ದುಕೊಟ್ಟ ಸೆಪ್ ಹೆರ್ಬರ್ಗರ್ ಪಕ್ಕದಲ್ಲಿ ಹೆಲ್ಮುಟ್ ಶ್ಯೋನ್ ಎಂಟು ವರ್ಷ ಸಹಾಯಕರಾಗಿದ್ದರು. 1964ರಲ್ಲಿ ಪಟ್ಟಕ್ಕೆ ಬಂದು ಹತ್ತು ವರ್ಷದ ನಂತರ ವಿಶ್ವಕಪ್ ತಂದರು. ಶ್ಯೋನ್ ಪಕ್ಕದಲ್ಲಿ ಯೂಪ್ ಡೆರ್ವಾಲ್ ಇದ್ದರು. ಅವರು 1978ರಲ್ಲಿ ಮುಖ್ಯ ಕೋಚ್ ಆಗಿ ಎರಡೇ ವರ್ಷಕ್ಕೆ ಯುರೋ ಕಪ್ ಗೆದ್ದರು. ಆಮೇಲೆ ಬೆಕನ್‌ಬೌರ್, ಫೋಲರ್, ಕ್ಲಿನ್ಸ್‌ಮನ್ ಅಂಥವರ ಕಾಲದಲ್ಲಿ ಈ ಎಳೆ ಕಡಿದಿತ್ತು. ಲೋವ್‌ರಿಂದ ಮತ್ತೆ ಕೂಡಿತು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲೂ ಇಂಥದೇ ಪರಂಪರೆ ಇತ್ತು. ಬಿಲ್ ಶ್ಯಾಂಕ್ಲಿ ಪಕ್ಕದಲ್ಲಿದ್ದ ಬಾಬ್ ಪೇಸ್ಲಿ ಅದೇ ಕ್ಲಬ್ಬಿನ ಹಳೆಯ ಆಟಗಾರ. ಆಟ ನಿಲ್ಲಿಸಿದ ಮೇಲೆ ಆಟಗಾರರ ಗಾಯಗಳನ್ನು ನೋಡಿಕೊಳ್ಳುವ ಫಿಸಿಯೋ ಆಗಿದ್ದರು, ಸಹಾಯಕರಾದರು. 1974ರಲ್ಲಿ ಮುಖ್ಯಸ್ಥರಾಗಿ ಒಂಬತ್ತು ವರ್ಷದಲ್ಲಿ ಮೂರು ಯುರೋಪಿಯನ್ ಕಪ್ ಗೆದ್ದರು.

ಹಾಗಾದರೆ ಸಹಾಯಕ ಕೋಚ್ ನಿಜಕ್ಕೂ ಮಾಡುವುದೇನು? ಟೀವಿಯಲ್ಲಿ ಕಾಣುವುದು ಇಷ್ಟೇ: ಮುಖ್ಯ ಕೋಚ್ ಕಿವಿಯಲ್ಲಿ ಏನೋ ಹೇಳುವುದು, ಬದಲಿ ಆಟಗಾರನಿಗೆ ಟ್ಯಾಬ್ಲೆಟ್ ತೋರಿಸುವುದು, ಗೋಲಾದಾಗ ಎದ್ದು ಅಪ್ಪಿಕೊಳ್ಳುವುದು. ಕಾಣದ ಕೆಲಸ ವಾರವಿಡೀ ನಡೆಯುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಯಾವ ದಿನ ಎಷ್ಟು ಓಡಿಸಬೇಕು, ಯಾರ ತೊಡೆಯ ಸ್ನಾಯು ದಣಿದಿದೆ, ಎದುರಾಳಿಯ ಎಡ ಬ್ಯಾಕ್ ಚೆಂಡು ಸಿಕ್ಕಾಗ ಮೊದಲು ಯಾವ ಕಡೆ ನೋಡುತ್ತಾನೆ ಇವನ್ನೆಲ್ಲ ಕೂಡಿಸಿಡುವವರು ಅವರು. ಹನ್ನೊಂದರಲ್ಲಿ ಜಾಗ ಸಿಗದ ಆಟಗಾರ ಶನಿವಾರ ಬೆಳಿಗ್ಗೆ ಮುಖ ಊದಿಸಿ ಕೂತಾಗ ಪಕ್ಕದಲ್ಲಿ ಹೋಗಿ ಕೂರುವವರೂ ಅವರೇ. ಮುಖ್ಯ ಕೋಚ್ ಹತ್ತಿರ ಹೇಳಲಾಗದ್ದನ್ನು ಆಟಗಾರ ಸಹಾಯಕನ ಹತ್ತಿರ ಹೇಳಿಕೊಳ್ಳುತ್ತಾನೆ. ಅದರಲ್ಲಿ ಯಾವುದನ್ನು ಮೇಲೆ ಮುಟ್ಟಿಸಬೇಕು, ಯಾವುದನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು ಅನ್ನುವ ವಿವೇಕ ಈ ಕೆಲಸದ ಅತ್ಯಂತ ಕಷ್ಟದ ಭಾಗ. ಎಲ್ಲವನ್ನೂ ಮುಟ್ಟಿಸಿದರೆ ಆಟಗಾರರು ಚಾಡಿಕೋರನೆಂದು ದೂರ ಇಡುತ್ತಾರೆ. ಏನನ್ನೂ ಮುಟ್ಟಿಸದಿದ್ದರೆ ಮುಖ್ಯ ಕೋಚ್‌ಗೆ ಡ್ರೆಸ್ಸಿಂಗ್ ರೂಮಿನೊಳಗೆ ಹೊಗೆಯಾಡುತ್ತಿರುವುದು ತಿಳಿಯುವುದೇ ಇಲ್ಲ.

ಇನ್ನೊಂದು ಕಷ್ಟ, ಇಲ್ಲ ಅನ್ನುವುದು. ತಾನು ಒಪ್ಪದ ನಿರ್ಧಾರವನ್ನು ಮುಚ್ಚಿದ ಬಾಗಿಲೊಳಗೆ ಕಟುವಾಗಿ ಪ್ರಶ್ನಿಸಿ, ಬಾಗಿಲು ತೆರೆದ ಕೂಡಲೇ ಅದೇ ನಿರ್ಧಾರವನ್ನು ತನ್ನದೇ ಎಂಬಂತೆ ಆಟಗಾರರಿಗೆ ಒಪ್ಪಿಸಬೇಕು. ತಲೆಯಾಡಿಸುವವರನ್ನೇ ಪಕ್ಕದಲ್ಲಿ ಕೂರಿಸಿಕೊಂಡ ಮುಖ್ಯ ಕೋಚ್‌ಗಳು ಫುಟ್‌ಬಾಲ್‌ನಲ್ಲಿ ಸಾಕಷ್ಟಿದ್ದಾರೆ. ಅವರು ಬೇಗ ಕುರುಡಾಗುತ್ತಾರೆ.

ಫ್ಲಿಕ್ ಹೇಗೆ ಇಲ್ಲ ಅಂದರು, ಹೇಗೆ ಒಪ್ಪಿಸಿದರು ಅನ್ನುವುದಕ್ಕೆ 2014ರ ಬ್ರೆಜಿಲ್ ವಿಶ್ವಕಪ್ ಅತ್ಯುತ್ತಮ ಉದಾಹರಣೆ. ಲೋವ್‌ಗೆ ಚೆಂದದ ಆಟದ ಹುಚ್ಚು. ಚೆಂಡು ನೆಲದ ಮೇಲೆ ವೇಗವಾಗಿ ಕಾಲಿಂದ ಕಾಲಿಗೆ ಹರಿಯಬೇಕು, ಗೋಲು ಆ ಹರಿವಿನಿಂದಲೇ ಹುಟ್ಟಬೇಕು. ನಿಂತ ಚೆಂಡಿನಿಂದ ಬರುವ ಗೋಲುಗಳ, ಅಂದರೆ ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಅಭ್ಯಾಸಕ್ಕೆ ಸಮಯ ಕೊಡಲು ಅವರಿಗೆ ಮನಸ್ಸಿರಲಿಲ್ಲ. ರಾಷ್ಟ್ರೀಯ ತಂಡಕ್ಕೆ ಅಭ್ಯಾಸದ ದಿನಗಳೇ ಕಡಿಮೆ, ಅವನ್ನು ಅದಕ್ಕೆ ಸುರಿಯುವುದು ಏಕೆಂಬುದು ಅವರ ತರ್ಕ. ಫ್ಲಿಕ್ ತರ್ಕ ಬೇರೆಯಿತ್ತು. ವಿಶ್ವಕಪ್‌ನ ನಾಕೌಟ್ ಪಂದ್ಯಗಳಲ್ಲಿ ಎರಡೂ ಕಡೆ ಹೆದರಿ ಆಡುತ್ತವೆ, ತೆರೆದ ಆಟದಲ್ಲಿ ಜಾಗವೇ ಸಿಗುವುದಿಲ್ಲ. ಅಂಥಲ್ಲಿ ಕಾರ್ನರ್ ಒಂದರ ಬೆಲೆ ಹೆಚ್ಚು. ಅವರು ಬಿಡದೆ ಒತ್ತಾಯಿಸಿದರು. ಬಾಹಿಯಾ ಕರಾವಳಿಯ ಶಿಬಿರದಲ್ಲಿ ಅದಕ್ಕೆಂದೇ ಸಮಯ ಸಿಕ್ಕಿತು, ಅಭ್ಯಾಸದ ಹೊಣೆ ಅವರಿಗೇ ಬಂತು.

ಫಲ ಕಾಣಲು ತಡವಾಗಲಿಲ್ಲ. ಪೋರ್ಚುಗಲ್ ವಿರುದ್ಧ ಟೋನಿ ಕ್ರೂಸ್ ಹೊಡೆದ ಕಾರ್ನರ್‌ಗೆ ಹುಮ್ಮಲ್ಸ್ ಹೆಡರ್. ಘಾನಾ ವಿರುದ್ಧ 1-2ರ ಹಿನ್ನಡೆಯಲ್ಲಿದ್ದಾಗ ಮತ್ತೆ ಕ್ರೂಸ್ ಕಾರ್ನರ್, ಬದಲಿಯಾಗಿ ಬಂದ ಕ್ಲೋಸ ಗೋಲುಗಂಬದ ಬಳಿ ಜಾರಿಬಂದು ಕಾಲಿಟ್ಟರು. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಬಂದ ಏಕೈಕ ಗೋಲು ಕ್ರೂಸ್ ಫ್ರೀ ಕಿಕ್‌ಗೆ ಹುಮ್ಮಲ್ಸ್ ಹೆಡರ್. ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಮೇಲೆ ಏಳು ಗೋಲಿನ ಸುರಿಮಳೆ ಶುರುವಾದದ್ದು ಹನ್ನೊಂದನೇ ನಿಮಿಷದ ಕಾರ್ನರ್‌ನಿಂದ: ರಕ್ಷಕರನ್ನು ಒಂದು ಗುಂಪು ಅತ್ತ ಎಳೆದುಕೊಂಡು ಹೋಯಿತು, ಮುಲ್ಲರ್ ಒಬ್ಬಂಟಿಯಾಗಿ ಉಳಿದರು. ಅದು ಆಕಸ್ಮಿಕವಲ್ಲ, ಹತ್ತಾರು ಸಲ ಮೈಗೂಡಿಸಿಕೊಂಡ ಚಲನೆ. ಅಲ್ಜೀರಿಯಾ ವಿರುದ್ಧ ಮುಲ್ಲರ್ ಫ್ರೀ ಕಿಕ್‌ಗೆ ಓಡಿಬಂದು ಬೇಕೆಂದೇ ಎಡವಿದಂತೆ ಮಾಡಿದ ಪ್ರಯೋಗ ಕೈಗೂಡದೆ ನಗೆಗೀಡಾಯಿತು. ಆದರೂ ಅದು ಅದೇ ಶ್ರಮದ ಭಾಗ. ಹತ್ತು ತಂತ್ರಗಳನ್ನು ಕಟ್ಟಿದವನಿಗೆ ಒಂದೆರಡು ಕೈಕೊಡುತ್ತವೆ.

ಜುಲೈ 13ರಂದು ಮರಕಾನಾದಲ್ಲಿ 113ನೇ ನಿಮಿಷಕ್ಕೆ ಗ್ಯೋಟ್ಸ ಗೋಲು ಹೊಡೆದು ಜರ್ಮನಿ ಕಪ್ ಎತ್ತಿತು. ಎಲ್ಲೆಡೆ ಲೋವ್ ಹೆಸರೇ, ಅದು ನ್ಯಾಯವೂ ಹೌದು. ಸೋತಿದ್ದರೆ ತಲೆಕೊಡಬೇಕಾದವರೂ ಲೋವ್ ಅವರೇ ತಾನೆ. ಆದರೆ ಲೋವ್ ಅವರ ದೊಡ್ಡತನವನ್ನು ನಾನು ಬೇರೆಡೆ ಕಾಣುತ್ತೇನೆ. ತಾವು ನಂಬದ ವಿಷಯವೊಂದನ್ನು ನಂಬುವವನ ಕೈಗೆ ಪೂರ್ತಿಯಾಗಿ ಕೊಟ್ಟು, ನಡುವೆ ಕೈಹಾಕದೆ ಇದ್ದರಲ್ಲ, ಅದು ಎಲ್ಲ ಮುಖ್ಯಸ್ಥರಿಗೆ ಬರುವುದಿಲ್ಲ. ಯಕ್ಷಗಾನದಲ್ಲಿ ಒಳ್ಳೆಯ ಭಾಗವತ ಮದ್ದಳೆಗಾರನಿಗೆ ಬಿಡುವು ಕೊಟ್ಟು ತಾನು ಸುಮ್ಮನಾಗುವ ಗಳಿಗೆ ಇರುತ್ತದಲ್ಲ, ಹಾಗೆ.

ವಿಶ್ವಕಪ್ ನಂತರ ಫ್ಲಿಕ್ ಜರ್ಮನ್ ಒಕ್ಕೂಟದ ಕ್ರೀಡಾ ನಿರ್ದೇಶಕರಾದರು, 2017ರಲ್ಲಿ ಅದನ್ನು ಬಿಟ್ಟರು, ಹೋಫನ್‌ಹೈಮ್‌ನಲ್ಲಿ ಕೆಲವು ತಿಂಗಳು ಆಡಳಿತದಲ್ಲಿದ್ದು ಅದನ್ನೂ ಬಿಟ್ಟರು. ಕಚೇರಿಯ ಕೆಲಸ ಅವರಿಗೆ ಒಗ್ಗಲಿಲ್ಲವೆಂದು ಕಾಣುತ್ತದೆ. 2019ರ ಜುಲೈನಲ್ಲಿ ಬಯರ್ನ್ ಮ್ಯೂನಿಕ್‌ಗೆ ನಿಕೊ ಕೊವಾಚ್ ಅವರ ಸಹಾಯಕರಾಗಿ ಬಂದರು. ವಿಶ್ವಕಪ್ ಗೆದ್ದ ಬೆಂಚಿನಲ್ಲಿದ್ದವರು, ಒಕ್ಕೂಟದ ನಿರ್ದೇಶಕರಾಗಿದ್ದವರು, ತಮಗಿಂತ ಆರು ವರ್ಷ ಚಿಕ್ಕವರ ಸಹಾಯಕರಾಗಿ ಬಂದದ್ದನ್ನು ನಮ್ಮಲ್ಲಿ ಹಿಂಬಡ್ತಿ ಅನ್ನುತ್ತಿದ್ದರು.

ನವೆಂಬರ್ 2ರಂದು ಫ್ರಾಂಕ್‌ಫರ್ಟ್‌ನಲ್ಲಿ ಬಯರ್ನ್ 1-5ರಿಂದ ಸೋತಿತು. ಮರುದಿನ ಕೊವಾಚ್ ಹೊರನಡೆದರು, ತಂಡ ಫ್ಲಿಕ್ ಕೈಗೆ ಬಂತು. ಕೆಲವು ಪಂದ್ಯಗಳ ಮಟ್ಟಿಗೆ ಅನ್ನುವುದು ಆಗಿನ ಮಾತು. ಮುಂದಿನ ವಾರ ಡಾರ್ಟ್ಮುಂಡ್ ವಿರುದ್ಧ 4-0. ಬೆಂಚು ಕಾಯುತ್ತಿದ್ದ ಮುಲ್ಲರ್ ಮತ್ತೆ ಹನ್ನೊಂದರೊಳಗೆ ಬಂದರು. ಆ ಋತುವಿನಲ್ಲಿ ಅವರು ಕೊಟ್ಟ 21 ಅಸಿಸ್ಟ್ ಬುಂಡೆಸ್‌ಲೀಗಾ ದಾಖಲೆ. ಮುಂಚೂಣಿಯಲ್ಲಿ ಆಡಿ ಬೆಳೆದ ಹತ್ತೊಂಬತ್ತರ ಹುಡುಗ ಅಲ್ಫೋನ್ಸೊ ಡೇವಿಸ್ ಎಡ ಬ್ಯಾಕ್‌ನಲ್ಲಿ ನೆಲೆನಿಂತ, ಡೇವಿಡ್ ಅಲಬಾ ರಕ್ಷಣೆಯ ನಡುವಿಗೆ ಸರಿದರು. ಇಡೀ ತಂಡ ಎದುರಾಳಿಯ ಅಂಗಳದಲ್ಲೇ ಚೆಂಡಿಗೆ ಮುಗಿಬೀಳತೊಡಗಿತು. 2020ರ ಆಗಸ್ಟ್ 14ರಂದು ಲಿಸ್ಬನ್‌ನಲ್ಲಿ ಬಾರ್ಸಿಲೋನಾ ಮೇಲೆ 8-2. ಒಂಬತ್ತು ದಿನದ ಮೇಲೆ ಅದೇ ಊರಿನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಮೇಲೆ 1-0. ಆ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಹನ್ನೊಂದಕ್ಕೆ ಹನ್ನೊಂದೂ ಪಂದ್ಯ ಗೆದ್ದ ಮೊದಲ ತಂಡವಾಯಿತು ಬಯರ್ನ್.

ಇದನ್ನು ಪವಾಡವೆಂದು ಬರೆದವರಿದ್ದಾರೆ. ನಾಲ್ಕು ತಿಂಗಳು ಸಹಾಯಕನಾಗಿದ್ದವನಿಗೆ ಯಾರು ಏಕೆ ಮುನಿದಿದ್ದಾರೆ, ಯಾರ ಕಾಲಲ್ಲಿ ಇನ್ನೂ ಓಟವಿದೆ ಅನ್ನುವುದು ಮೊದಲೇ ಗೊತ್ತಿತ್ತು ಅನ್ನುವುದು ಸರಳ ಸತ್ಯ. ಹೊರಗಿನಿಂದ ಬರುವ ಹೊಸ ಕೋಚ್‌ಗೆ ಈ ತಿಳಿವಳಿಕೆಗೆ ತಿಂಗಳುಗಳು ಬೇಕು. ಮುಲ್ಲರ್, ನಾಯಕ ಮಾನುಯೆಲ್ ನಾಯರ್, ಬೋಟೆಂಗ್ ಇವರನ್ನೆಲ್ಲ ಫ್ಲಿಕ್ ರಾಷ್ಟ್ರೀಯ ತಂಡದ ದಿನಗಳಿಂದಲೇ ಬಲ್ಲವರು.

ಆ ಬಯರ್ನ್ ಬೆಂಚಿನಲ್ಲಿ ಇನ್ನೊಬ್ಬರಿದ್ದರು, ಹೆರ್ಮನ್ ಗೆರ್ಲಾಂಡ್. ಬೋಖುಮ್ ಕ್ಲಬ್‌ನ ಹಳೆಯ ರಕ್ಷಕ ಆಟಗಾರ, ಬೇರೆ ಕ್ಲಬ್‌ಗಳಲ್ಲಿ ಮುಖ್ಯ ಕೋಚ್ ಆಗಿದ್ದವರು. ಬಯರ್ನ್‌ನ ಎರಡನೇ ತಂಡದಲ್ಲಿ ಲಾಮ್, ಶ್ವಾಯ್ನ್‌ಸ್ಟೈಗರ್, ಮುಲ್ಲರ್ ಅಂಥವರನ್ನು ತಿದ್ದಿ ಮೇಲಕ್ಕೆ ಕಳಿಸಿದವರು. ಆಮೇಲೆ ವಾನ್ ಗಾಲ್, ಹೈಂಕೆಸ್, ಗಾರ್ಡಿಯೋಲಾ ಕಾಲದಲ್ಲಿ ಸಹಾಯಕ, ಫ್ಲಿಕ್ ಬಂದಾಗ ಮತ್ತೆ ಸಹಾಯಕ. 2013 ಮತ್ತು 2020, ಬಯರ್ನ್ ಒಂದೇ ಋತುವಿನಲ್ಲಿ ಮೂರು ಕಪ್ ಗೆದ್ದ ಎರಡೂ ಸಲ ಅವರು ಬೆಂಚಿನಲ್ಲಿದ್ದರು. ಮೇಲಿನ ಕುರ್ಚಿ ಸಿಗಲಿಲ್ಲವೆಂದು ಅವರ ಬಗ್ಗೆ ಮರುಕಪಡುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ. ಆಟಗಾರರನ್ನು ರೂಪಿಸುವ ಕೆಲಸದಲ್ಲಿ ಅವರಷ್ಟು ಗೆದ್ದವರು ಮುಖ್ಯ ಕೋಚ್‌ಗಳಲ್ಲೂ ಕಡಿಮೆ.

ಫ್ಲಿಕ್ ಕತೆ ಏರುಗತಿಯಲ್ಲೇ ಸಾಗಲಿಲ್ಲ ಅನ್ನುವುದನ್ನೂ ಹೇಳಬೇಕು. 2021ರಲ್ಲಿ ಲೋವ್ ಜಾಗಕ್ಕೆ ಬಂದು ಮೊದಲ ಎಂಟು ಪಂದ್ಯ ಗೆದ್ದರು. ಕತಾರ್ ವಿಶ್ವಕಪ್‌ನಲ್ಲಿ ಜಪಾನ್‌ಗೆ ಸೋತು ಗುಂಪು ಹಂತದಲ್ಲೇ ಹೊರಬಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ತವರಿನ ವೋಲ್ಫ್ಸ್‌ಬರ್ಗ್‌ನಲ್ಲಿ ಮತ್ತೆ ಜಪಾನ್, ಈ ಸಲ 1-4. ಮರುದಿನ ಕೆಲಸ ಹೋಯಿತು. ಜರ್ಮನ್ ಒಕ್ಕೂಟ ರಾಷ್ಟ್ರೀಯ ಕೋಚ್ ಒಬ್ಬರನ್ನು ವಜಾ ಮಾಡಿದ್ದು ಅದೇ ಮೊದಲು. ಸಹಾಯಕನಾಗಿ ಎಂಟು ವರ್ಷ ಕಂಡ ಅದೇ ಅಂಗಳ ಮುಖ್ಯಸ್ಥನಾಗಿ ಒಲಿಯಲಿಲ್ಲ. ದಿನವೂ ಆಟಗಾರರ ಜೊತೆ ಇದ್ದು ತಿದ್ದುವ ಮನುಷ್ಯನಿಗೆ, ಎರಡು ತಿಂಗಳಿಗೊಮ್ಮೆ ಹತ್ತು ದಿನ ಸಿಗುವ ರಾಷ್ಟ್ರೀಯ ತಂಡ ಇಕ್ಕಟ್ಟಾಯಿತೆಂಬುದು ನನ್ನ ಊಹೆ. ಬಾರ್ಸಿಲೋನಾದಲ್ಲಿ ಅವರು ಮರುವರ್ಷವೇ ಮಾಡಿ ತೋರಿಸಿದ್ದು ಈ ಊಹೆಗೆ ಬಲ ಕೊಡುತ್ತದೆ: 2024-25ರಲ್ಲಿ ಲಾ ಲಿಗಾ, ಸ್ಪೇನಿನ ಕಪ್, ಸೂಪರ್ ಕಪ್ ಮೂರನ್ನೂ ಗೆದ್ದರು, ರಿಯಲ್ ಮ್ಯಾಡ್ರಿಡ್ ವಿರುದ್ಧ ಆಡಿದ ನಾಲ್ಕೂ ಪಂದ್ಯಗಳನ್ನು ಗೆದ್ದರು.

ಬಾರ್ಸಿಲೋನಾದಿಂದ ಬೆಂಗಳೂರಿಗೆ ಈ ವಿಷಯದಲ್ಲಿ ನೇರ ದಾರಿಯಿದೆ. ಬೆಂಗಳೂರು ಎಫ್‌ಸಿ ಚರಿತ್ರೆಯನ್ನು ಬೆಂಚಿನ ಕಡೆಯಿಂದ ಓದಿದರೆ ಅದು ಸಹಾಯಕರ ಚರಿತ್ರೆಯಂತೆಯೇ ಕಾಣುತ್ತದೆ. ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನಲ್ಲಿ ಆಟ ಮುಗಿಸಿ, ಬ್ಲ್ಯಾಕ್‌ಬರ್ನ್ ತಂಡದ ಸಹಾಯಕರಾಗಿದ್ದು ಇಲ್ಲಿಗೆ ಬಂದವರು. ಎರಡು ಸಲ ಐ-ಲೀಗ್ ಗೆದ್ದುಕೊಟ್ಟರು. 2016ರಲ್ಲಿ ಬಂದ ಆಲ್ಬರ್ಟ್ ರೋಕ, ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಿಬ್ಬಂದಿಯಲ್ಲಿದ್ದವರು. ಬಂದ ವರ್ಷವೇ ಎಎಫ್‌ಸಿ ಕಪ್ ಫೈನಲ್‌ಗೆ ತಂಡವನ್ನು ಮುಟ್ಟಿಸಿದರು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ಅವರ ಸಹಾಯಕರಾಗಿ ಬಂದವರು ಕಾರ್ಲೆಸ್ ಕ್ವಾಡ್ರಾತ್, ಬಾರ್ಸಿಲೋನಾದ ಯುವ ಅಕಾಡೆಮಿಯಲ್ಲಿ ಎಡ ಬ್ಯಾಕ್ ಆಗಿ ಬೆಳೆದವರು.

2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫೈನಲ್. ಲೀಗ್ ಹಂತದಲ್ಲಿ ಬೆಂಗಳೂರೇ ಮೊದಲು, ಊರು ನೀಲಿಯಾಗಿತ್ತು. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಹೆಡರ್‌ನಿಂದ ಗೋಲು. ಆಮೇಲೆ ಚೆನ್ನೈಯಿನ್ ತಂಡದ ಎತ್ತರದ ರಕ್ಷಕ ಮೈಲ್ಸನ್ ಆಲ್ವೆಸ್, ವಿರಾಮದೊಳಗೆ ಎರಡು ಸಲ ಕಾರ್ನರ್‌ಗೆ ಜಿಗಿದು ಎರಡೂ ಸಲ ಚೆಂಡನ್ನು ಬಲೆಗೆ ಹೊಡೆದರು. 3-2ರಿಂದ ಕಪ್ ಚೆನ್ನೈಗೆ ಹೋಯಿತು. ಬೆಂಗಳೂರಿನ ಬೆಂಚಿನಲ್ಲಿ ಕ್ವಾಡ್ರಾತ್ ಇದ್ದರು.

ರೋಕ ಹೊರಟಾಗ ಕ್ಲಬ್ ಹೊರಗಡೆ ಹುಡುಕದೆ ಕ್ವಾಡ್ರಾತ್ ಕೈಗೇ ತಂಡ ಕೊಟ್ಟಿತು. ಆಟಗಾರರು ಬಲ್ಲ ಮುಖ, ಆಡುವ ಕ್ರಮ ಗೊತ್ತಿರುವ ಮನುಷ್ಯ. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಮತ್ತೆ ಫೈನಲ್, ಎದುರಾಳಿ ಎಫ್‌ಸಿ ಗೋವಾ. ತೊಂಬತ್ತು ನಿಮಿಷ ಗೋಲಿಲ್ಲ, ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿತ್ತು. 117ನೇ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ಕಾರ್ನರ್ ಹೊಡೆದರು, ರಾಹುಲ್ ಭೇಕೆ ತಲೆ ತಾಗಿಸಿದರು, ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್. ಹಿಂದಿನ ವರ್ಷ ಕಾರ್ನರ್‌ನಿಂದ ಕಳೆದುಕೊಂಡ ಕಪ್ಪನ್ನು ಈ ವರ್ಷ ಕಾರ್ನರ್‌ನಿಂದ ಪಡೆದರು. ಕಾಕತಾಳೀಯವೆಂದು ಯಾರಾದರೂ ಅಂದರೆ ನಾನು ಒಪ್ಪಲಾರೆ. ಆ ಋತುವಿನ ಬೆಂಗಳೂರು ನಿಂತ ಚೆಂಡಿನ ಮೇಲೆ ಎಷ್ಟು ಆಧರಿಸಿತ್ತು ಅನ್ನುವುದು ಪಂದ್ಯಗಳನ್ನು ನೋಡಿದವರಿಗೆ ಗೊತ್ತಿದೆ. ಸೋಲನ್ನು ಬೆಂಚಿನಿಂದ ಕಂಡವರೇ ಮರುವರ್ಷ ಅಭ್ಯಾಸ ನಡೆಸಿದ್ದರ ಲಾಭ ಅದು.

ರೋಕ ಅವರ ಮುಂದಿನ ಹೆಜ್ಜೆಯೂ ಕುತೂಹಲದ್ದು. 2020ರಲ್ಲಿ ಹೈದರಾಬಾದ್ ಎಫ್‌ಸಿಯ ಮುಖ್ಯ ಕೋಚ್ ಕುರ್ಚಿ ಅವರಿಗಾಗಿ ಸಿದ್ಧವಿತ್ತು. ಬಾರ್ಸಿಲೋನಾ ಕರೆದಾಗ ಅದನ್ನು ಬಿಟ್ಟು, ರೊನಾಲ್ಡ್ ಕೂಮನ್ ಕೈಕೆಳಗೆ ಫಿಟ್‌ನೆಸ್ ಕೋಚ್ ಆಗಿ ಹೊರಟರು. ಒಂದು ಬೆಂಚಿನ ಮೊದಲ ಕುರ್ಚಿಗಿಂತ ಇನ್ನೊಂದು ಬೆಂಚಿನ ಮೂರನೆಯದು ಅವರಿಗೆ ಹೆಚ್ಚಾಗಿ ಕಂಡಿತು.

2021ರ ಜನವರಿಯಲ್ಲಿ ಸತತ ಸೋಲುಗಳ ನಂತರ ಕ್ವಾಡ್ರಾತ್ ಹೊರನಡೆದರು. ತಂಡದ ಹೊಣೆ ತಾತ್ಕಾಲಿಕವಾಗಿ ನೌಷಾದ್ ಮೂಸಾ ಅವರಿಗೆ ಬಂತು. ಅವರು ಮುಂಬೈಯವರು, ಹಳೆಯ ಆಟಗಾರ, ಬೆಂಗಳೂರು ಕ್ಲಬ್‌ನ ಎರಡನೇ ತಂಡವನ್ನೂ ಕಿರಿಯರನ್ನೂ ಬೆಳೆಸಿದವರು. ಕೆಲವೇ ವಾರಗಳಲ್ಲಿ ಮುಖ್ಯ ಕೋಚ್ ಆಗಿ ಬಂದವರು ಜರ್ಮನಿಯ ಮಾರ್ಕೊ ಪೆಜಾಯುವೊಲಿ. ಅವರೂ ಹಿಂದೆ ಸಹಾಯಕರಾಗಿದ್ದವರು, ಅದೂ ಫ್ಲಿಕ್ ದುಡಿದ ಹೋಫನ್‌ಹೈಮ್‌ನಲ್ಲೇ, ರಾಲ್ಫ್ ರಾಂಗ್ನಿಕ್ ಕೈಕೆಳಗೆ. ಅಲ್ಲಿ 2011ರ ಜನವರಿಯಲ್ಲಿ ರಾಂಗ್ನಿಕ್ ಹೊರಟಾಗ ಋತುವಿನ ನಡುವೆಯೇ ಸಹಾಯಕನಿಗೆ ತಂಡ ಸಿಕ್ಕಿತ್ತು. ಇಲ್ಲಿ, ಹತ್ತು ವರ್ಷದ ನಂತರ ಅಂಥದೇ ಗಳಿಗೆಯಲ್ಲಿ, ಭಾರತೀಯ ಸಹಾಯಕನಿಗೆ ಸಿಕ್ಕಿದ್ದು ಕೆಲವು ವಾರ.

ನನ್ನ ತಕರಾರು ಇರುವುದು ಈ ಹಂತದಲ್ಲಿ. ವಿದೇಶಿ ಕೋಚ್ ತನ್ನ ಜೊತೆ ತನ್ನ ಸಹಾಯಕನನ್ನೂ ಕರೆತರುತ್ತಾನೆ, ಅದು ಸಹಜ. ಭಾಷೆ, ನಂಬಿಕೆ, ಹಳೆಯ ಒಡನಾಟ ಇರುತ್ತದೆ. ಪಕ್ಕದಲ್ಲಿ ಒಬ್ಬ ಭಾರತೀಯ ಸಹಾಯಕನೂ ಇರುತ್ತಾನೆ. ಆತನ ಕೆಲಸ ಎಷ್ಟೋ ಕಡೆ ಅನುವಾದ, ಊಟ ವಸತಿಯ ವಿಚಾರಣೆ, ಹುಡುಗರನ್ನು ಸಮಾಧಾನಪಡಿಸುವುದು ಇಷ್ಟಕ್ಕೇ ನಿಲ್ಲುತ್ತದೆ. ಲೈಸೆನ್ಸ್ ಪರೀಕ್ಷೆಗಳನ್ನು ಒಂದೊಂದಾಗಿ ಏರಿ, ಸಿ, ಬಿ, ಎ ದಾಟಿ ಎಎಫ್‌ಸಿ ಪ್ರೊ ಡಿಪ್ಲೊಮಾವರೆಗೆ ಹೋದವನಿಗೆ ಅಭ್ಯಾಸದ ಒಂದು ಭಾಗವನ್ನಾದರೂ ಪೂರ್ತಿಯಾಗಿ ಕೊಡದಿದ್ದರೆ ಆ ಡಿಪ್ಲೊಮಾ ಗೋಡೆಯ ಮೇಲಿರುತ್ತದೆ ಅಷ್ಟೆ. ಫ್ಲಿಕ್‌ಗೆ ಲೋವ್ ಕೊಟ್ಟದ್ದು ಅಂಥ ಒಂದು ಭಾಗವನ್ನು. ಕಾರ್ನರ್ ನಿನ್ನದು, ಗೆದ್ದರೂ ಸೋತರೂ ನಿನ್ನದು ಅನ್ನುವ ಹೊಣೆ. ಬೆಂಗಳೂರಿನಲ್ಲೇ ಬೆಳೆದು ಭಾರತ ತಂಡದ ನಾಯಕರೂ ಆಗಿದ್ದ ಷಣ್ಮುಗಂ ವೆಂಕಟೇಶ್, ಸ್ಟೀಫನ್ ಕಾನ್‌ಸ್ಟಂಟೈನ್ ಮತ್ತು ಇಗೋರ್ ಸ್ಟಿಮಾಚ್ ಇಬ್ಬರ ಕಾಲದಲ್ಲೂ ರಾಷ್ಟ್ರೀಯ ತಂಡದ ಸಹಾಯಕರಾಗಿದ್ದರು. ಇಷ್ಟು ಅನುಭವವಿರುವವರ ಹೆಸರು ಈ ಊರಿನ ಫುಟ್‌ಬಾಲ್ ಪ್ರಿಯರಲ್ಲೇ ಅನೇಕರಿಗೆ ಹೊಳೆಯುವುದಿಲ್ಲ.

ಖಾಲಿದ್ ಜಮೀಲ್ ಅವರ ಹಾದಿ ಇದಕ್ಕೆ ಒಂದು ಉತ್ತರ. ಮಹೀಂದ್ರ ಯುನೈಟೆಡ್‌ನಂಥ ಕ್ಲಬ್‌ಗಳಿಗೆ ಆಡಿದವರು, ಕೋಚ್ ಆಗಿ 2016-17ರಲ್ಲಿ ಮಿಜೋರಾಂನ ಪುಟ್ಟ ಐಜಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟವರು. ಚಾಂಪಿಯನ್ ಕೋಚ್ ಆದ ಮೇಲೂ 2020-21ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ ಜೆರಾರ್ಡ್ ನುಸ್ ಎಂಬ ತರುಣ ಸ್ಪ್ಯಾನಿಷ್ ಕೋಚ್‌ಗೆ ಸಹಾಯಕರಾದರು. ಋತುವಿನ ನಡುವೆ ನುಸ್ ಹೋದರು. ಜಮೀಲ್ ತಂಡವನ್ನು ವಹಿಸಿಕೊಂಡು, ಉಳಿದ ಲೀಗ್ ಪಂದ್ಯಗಳಲ್ಲಿ ಸೋಲದೆ ಪ್ಲೇಆಫ್‌ಗೆ ಕೊಂಡೊಯ್ದರು. ಆ ಋತು ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಕಾಯಂ ಮುಖ್ಯ ಕೋಚ್ ಆದರು, ಐಎಸ್‌ಎಲ್‌ನಲ್ಲಿ ಆ ಹುದ್ದೆಗೆ ಬಂದ ಮೊದಲ ಭಾರತೀಯ. 2025ರ ಆಗಸ್ಟ್ 1ರಂದು ರಾಷ್ಟ್ರೀಯ ತಂಡವೇ ಅವರ ಕೈಗೆ ಬಂತು. ಭಾರತೀಯನೊಬ್ಬನಿಗೆ ಆ ಹೊಣೆ ಸಿಕ್ಕಿದ್ದು ಹದಿಮೂರು ವರ್ಷಗಳ ನಂತರ.

ಅದೇ ವರ್ಷ ಭಾರತದ ಇಪ್ಪತ್ಮೂರರೊಳಗಿನವರ ತಂಡಕ್ಕೂ ಮುಖ್ಯ ಕೋಚ್ ನೇಮಕವಾಯಿತು. ಬೆಂಗಳೂರು ಎಫ್‌ಸಿ ಬೆಂಚಿನಲ್ಲಿ ಕೆಲವು ವಾರಗಳ ಅವಕಾಶವಷ್ಟೇ ಪಡೆದಿದ್ದ ನೌಷಾದ್ ಮೂಸಾ ಈಗ ಆ ತಂಡವನ್ನು ಕಟ್ಟುತ್ತಿದ್ದಾರೆ. ಅವರ ಪಕ್ಕದ ಕುರ್ಚಿಯಲ್ಲಿ ಯಾರಿದ್ದಾರೆ, ಆತನಿಗೆ ಯಾವ ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಿದ್ದಾರೆ ಎಂದು ನಮ್ಮ ಕ್ರೀಡಾ ವರದಿಗಾರರು ಕೇಳಿ ಬರೆಯಬೇಕು.